ಹಿಜ್ರತ್, ಪುಸ್ತಕದ ಚೀಲ ಮತ್ತು ನಮ್ಮ ಹೊಣೆ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರು ಮತ್ತು ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ. ಪ್ರೀತಿಯ ಸಹೋದರರೇ, ಅಲ್ಲಾಹನನ್ನು ಭಯಪಟ್ಟು ಬದುಕಬೇಕೆಂದು ಮೊದಲು ನನಗೂ ನಂತರ ನಿಮಗೂ ಉಪದೇಶಿಸುತ್ತೇನೆ.

ನಮ್ಮ ಕಾಲಗಣನೆ ಎಲ್ಲಿಂದ ಶುರುವಾಗುತ್ತದೆ? ಪ್ರವಾದಿ(ಸ)ರ ಜನನದಿಂದಲ್ಲ, ಬದ್ರ್‌ನ ವಿಜಯದಿಂದಲೂ ಅಲ್ಲ. ಖಲೀಫಾ ಉಮರ್(ರ)ರ ಕಾಲದಲ್ಲಿ ಸಹಾಬಿಗಳು ಸಮಾಲೋಚಿಸಿ ಹಿಜ್ರತ್‌ನ ವರ್ಷವನ್ನೇ ಆರಿಸಿಕೊಂಡರು. ಮನೆ, ಆಸ್ತಿ, ಹುಟ್ಟೂರು ಬಿಟ್ಟು ಹೊರಟವರ ನೆನಪಿನಿಂದ ನಮ್ಮ ವರ್ಷಗಳು ಆರಂಭವಾಗುತ್ತವೆ. ಹೀಗಿರುವಾಗ ನಿರಾಶ್ರಿತರ ಬದುಕು ನಮಗೆ ಪತ್ರಿಕೆಯಲ್ಲಿ ಓದಿ ಮಡಚಿಡುವ ಸುದ್ದಿಯಾಗಬಾರದು.

ಮದೀನಾಕ್ಕೆ ಬಂದ ಮುಹಾಜಿರ್‌ಗಳನ್ನು ಪ್ರವಾದಿ(ಸ)ರು ಅನ್ಸಾರ್‌ಗಳೊಂದಿಗೆ ಸಹೋದರರಾಗಿ ಬೆಸೆದರು. ಸಅದ್ ಬಿನ್ ರಬೀಅ್(ರ) ತಮ್ಮ ಪಾಲಿಗೆ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ತಮ್ಮ ಸಂಪತ್ತಿನ ಅರ್ಧಭಾಗವನ್ನೇ ಕೊಡಲು ಮುಂದಾದರು. ಅಬ್ದುರ್ರಹ್ಮಾನ್(ರ) ಅವರಿಗಾಗಿ ದುಆ ಮಾಡಿದರು, ಬಳಿಕ ಮಾರುಕಟ್ಟೆಯ ದಾರಿಯನ್ನಷ್ಟೇ ಕೇಳಿದರು. ಅಲ್ಲಿ ವ್ಯಾಪಾರ ಮಾಡಿ, ಒಣಗಿಸಿದ ಗಿಣ್ಣನ್ನೂ ತುಪ್ಪವನ್ನೂ ಸಂಪಾದಿಸಿ ತಂದರು. ಸ್ವಲ್ಪ ಕಾಲದಲ್ಲೇ ಮಹರ್ ಕೊಟ್ಟು ಮದುವೆಯಾದರು. ಒಂದು ಕುರಿಯನ್ನಾದರೂ ಕೊಯ್ದು ವಲೀಮಾ ಮಾಡುವಂತೆ ಪ್ರವಾದಿ(ಸ)ರು ಅವರಿಗೆ ಹೇಳಿದರು.

ಇಬ್ಬರನ್ನೂ ನೋಡಿರಿ. ಒಬ್ಬರು ಲೆಕ್ಕವಿಡದೆ ಕೊಡಲು ನಿಂತರು, ಇನ್ನೊಬ್ಬರು ತಮ್ಮ ಕಾಲ ಮೇಲೆ ನಿಲ್ಲಲು ಬಯಸಿದರು. ಎಲ್ಲವನ್ನೂ ಕಳೆದುಕೊಂಡವನಿಗೂ ಅವನದೇ ಆದ ಸಾಮರ್ಥ್ಯವಿರುತ್ತದೆ. ಅದಕ್ಕೆ ದಾರಿ ತೋರಿಸುವುದು ನೆರವಿನಲ್ಲೇ ದೊಡ್ಡ ನೆರವು.

ನಮ್ಮ ಕಾಲದ ಒಂದು ಉದಾಹರಣೆ ಕೇಳಿರಿ. ಸಿರಿಯಾದ ದರಾ ನಗರದಲ್ಲಿ 2011ರಲ್ಲಿ ಪ್ರತಿಭಟನೆ ಆರಂಭವಾಗಿ, ಮುಂದೆ ಇಡೀ ದೇಶವೇ ಯುದ್ಧದಲ್ಲಿ ಬೆಂದಿತು. ಮುಝೂನ್ ಅಲ್‌ಮೆಲ್ಲೆಹಾನ್ ಆ ಪ್ರದೇಶದ ಶಿಕ್ಷಕರೊಬ್ಬರ ಮಗಳು. 2013ರಲ್ಲಿ ಕುಟುಂಬವು ಜೋರ್ಡಾನ್‌ಗೆ ಹೊರಟಾಗ ಅವಳು ಹದಿಹರೆಯದ ವಿದ್ಯಾರ್ಥಿನಿ. ಅತ್ಯಗತ್ಯವಾದುದನ್ನು ಮಾತ್ರ ಹೊತ್ತುಕೊಳ್ಳಬೇಕಾಗಿದ್ದ ಆ ದಾರಿಗೆ ಅವಳು ಆರಿಸಿಕೊಂಡದ್ದು ಶಾಲೆಯ ಪುಸ್ತಕಗಳನ್ನು.

ಝಅತರಿ ಶಿಬಿರದಲ್ಲಿ ಶಾಲೆಯಿತ್ತು. ಆದರೆ ಎಷ್ಟೋ ಮನೆಯವರು ಹೆಣ್ಣುಮಕ್ಕಳನ್ನು ಅಲ್ಲಿಗೆ ಕಳಿಸುತ್ತಿರಲಿಲ್ಲ. ಎಳೆಯ ಪ್ರಾಯದಲ್ಲೇ ಮದುವೆ ಮಾಡಿಬಿಡುತ್ತಿದ್ದರು. ಅವರು ಕಲ್ಲುಮನಸ್ಸಿನವರೇನಲ್ಲ. ಕೈಯಲ್ಲಿ ಕಾಸಿಲ್ಲ, ಗುಡಾರಕ್ಕೆ ಬಾಗಿಲಿಲ್ಲ, ಮಗಳ ರಕ್ಷಣೆಯ ಚಿಂತೆ. ಮದುವೆಯೇ ಆಸರೆ ಎಂದು ಅವರಿಗೆ ತೋಚಿತು. ಮುಝೂನ್ ಗುಡಾರದಿಂದ ಗುಡಾರಕ್ಕೆ ಹೋಗಿ ತಂದೆತಾಯಂದಿರೊಂದಿಗೆ ಮಾತನಾಡಿದಳು. ಮಗಳನ್ನು ಕಾಪಾಡುವುದು ವಿದ್ಯೆ, ನಾಳೆ ದೇಶವನ್ನು ಮತ್ತೆ ಕಟ್ಟಬೇಕಾದವರು ಈ ಮಕ್ಕಳೇ ಎಂಬುದು ಅವಳ ವಾದವಾಗಿತ್ತು.

2015ರ ಕೊನೆಗೆ ಕುಟುಂಬಕ್ಕೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನೆಲೆ ಸಿಕ್ಕಿತು. ಭಾಷೆ ಹೊಸದು, ಚಳಿ ಹೊಸದು, ಪಾಠ ಹೊಸದು. ಅವಳು ಓದು ಬಿಡಲಿಲ್ಲ, ವಿಶ್ವವಿದ್ಯಾಲಯದವರೆಗೂ ತಲುಪಿದಳು. 2017ರಲ್ಲಿ, 19ನೇ ವಯಸ್ಸಿನಲ್ಲಿ, ಯುನಿಸೆಫ್ ಅವಳನ್ನು ತನ್ನ ಸದ್ಭಾವನಾ ರಾಯಭಾರಿಯಾಗಿ ನೇಮಿಸಿತು. ನಿರಾಶ್ರಿತರ ಸ್ಥಾನಮಾನ ಹೊಂದಿರುವವರಲ್ಲಿ ಆ ಹೊಣೆ ಪಡೆದವರಲ್ಲಿ ಅವಳೇ ಮೊದಲಿಗಳು.

ಸಹೋದರರೇ, ಆ ಹುಡುಗಿಯ ಛಲವನ್ನು ಮೆಚ್ಚಿ ಎದ್ದುಹೋದರೆ ಸಾಲದು. ಪುಸ್ತಕ ಅವಳು ಹೊತ್ತು ತಂದಳು, ನಿಜ. ಆದರೆ ಶಿಬಿರದಲ್ಲಿ ಯಾರೋ ಶಾಲೆ ತೆರೆದಿದ್ದರು, ಹೊಸ ದೇಶದಲ್ಲಿ ಯಾರೋ ತರಗತಿಯ ಬೆಂಚಿನಲ್ಲಿ ಅವಳಿಗೆ ಜಾಗ ಕೊಟ್ಟರು. ಆ ಜಾಗ ಸಿಗದೆ ಹೋದ ಮಕ್ಕಳೂ ಅವಳಷ್ಟೇ ಛಲದವರಿರಬಹುದು. ಸೂರಃ ಅಲ್ ಹಶ್ರ್‌ನ 9ನೇ ವಚನದಲ್ಲಿ ಅಲ್ಲಾಹನು ಅನ್ಸಾರ್‌ಗಳನ್ನು ಪ್ರಶಂಸಿಸಿದ್ದು, ತಮಗೇ ಕೊರತೆಯಿದ್ದಾಗಲೂ ಬಂದವರನ್ನು ಮುಂದಿಟ್ಟ ಗುಣಕ್ಕಾಗಿ.

ಸಿರಿಯಾದ ಮಕ್ಕಳು ನಮ್ಮ ಊರಿಗೆ ಬಂದಿಲ್ಲದಿರಬಹುದು. ಆದರೆ ಕೂಲಿಗಾಗಿ ದೂರದಿಂದ ಬಂದು ನಮ್ಮ ಮೊಹಲ್ಲಾದ ಅಂಚಿನಲ್ಲಿ ಬಾಡಿಗೆಗಿರುವ ಕುಟುಂಬಗಳಿವೆ. ಅವರ ಮಕ್ಕಳು ಯಾವ ಶಾಲೆಗೆ ಹೋಗುತ್ತಿದ್ದಾರೆ, ಯಾವ ಕಾಗದಪತ್ರವಿಲ್ಲದೆ ದಾಖಲಾತಿ ನಿಂತಿದೆ ಎಂದು ನಮ್ಮ ಜಮಾಅತ್ ವಿಚಾರಿಸಿದೆಯೇ? ರಮಝಾನಿನಲ್ಲಿ ಕಿಟ್ ಕೊಟ್ಟು ಬರುತ್ತೇವೆ, ಒಳ್ಳೆಯದೇ. ಮುಂದಿನ ಸಲ ಆ ಮನೆಯ ಮಗುವಿನ ಹೆಸರನ್ನೂ ತರಗತಿಯನ್ನೂ ಕೇಳಿಕೊಂಡು ಬನ್ನಿರಿ. ಬಡತನಕ್ಕೆ ಹೆದರಿ ಮಗಳ ಓದು ನಿಲ್ಲಿಸಲು ಹೊರಟ ತಂದೆ ನಿಮ್ಮ ಪಕ್ಕದ ಸಫ್‌ನಲ್ಲೇ ಇದ್ದರೆ, ಅವನನ್ನು ಆಕ್ಷೇಪಿಸುವ ಮೊದಲು ಅವನ ಹೆದರಿಕೆಯಲ್ಲಿ ಪಾಲು ತೆಗೆದುಕೊಳ್ಳಿರಿ.

ಅಲ್ಲಾಹನು ನೆಲೆ ಕಳೆದುಕೊಂಡವರಿಗೆ ನೆಲೆಯನ್ನೂ, ಭಯದಲ್ಲಿರುವವರಿಗೆ ನಿರ್ಭಯವನ್ನೂ ಕರುಣಿಸಲಿ. ಕೊಡುವಾಗ ಸಅದ್(ರ)ರ ಉದಾರತೆಯನ್ನೂ, ಪಡೆಯುವಾಗ ಅಬ್ದುರ್ರಹ್ಮಾನ್(ರ)ರ ಸ್ವಾಭಿಮಾನವನ್ನೂ ನಮಗೆ ದಯಪಾಲಿಸಲಿ. ಆಮೀನ್.