ಪೆಟ್ಟು ಬಿದ್ದಲ್ಲೇ ಪಾಠ

ಇಂದು ಫಿಸಿಯೋಥೆರಪಿಯಲ್ಲಿ ಸ್ನಾತಕೋತ್ತರ ಪದವಿ ಪಡೆಯುತ್ತಿರುವ ಗೆಳೆಯ-ಗೆಳತಿಯರೇ,

ನಿಮಗೆಲ್ಲ ಅಭಿನಂದನೆಗಳು. ಚಿನ್ನದ ಪದಕದವರಿಗೆ ಇನ್ನೊಂದು ಸಲ. ಇಷ್ಟು ಸಾಕು, ನನಗೆ ಕೊಟ್ಟಿರುವ ಸಮಯ ಕಡಿಮೆ, ತಂದಿರುವ ತಕರಾರು ದೊಡ್ಡದು.

ಓಪಿಡಿಯಲ್ಲಿ ನಿಮ್ಮ ಮುಂದೆ ಬಂದು ಕೂಡುವ ಆಟಗಾರನ ಪೆಟ್ಟು ಎಷ್ಟು ಹಳೆಯದಾಗಿರುತ್ತದೆ, ಲೆಕ್ಕ ಹಾಕಿದ್ದೀರಾ? ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿ. ಕಬಡ್ಡಿಯಲ್ಲಿ ರೇಡಿಗೆ ಹೋದ ಹುಡುಗನ ಪಾದ ಹಿಡಿಯುತ್ತಾರೆ, ಮೈ ಒಂದು ಕಡೆ, ಮೊಣಕಾಲು ಒಂದು ಕಡೆ. ಅಂದು ರಾತ್ರಿ ಎಣ್ಣೆ ತಿಕ್ಕುತ್ತಾರೆ. ಮರುದಿನ ಬಿಗಿದು ಕಟ್ಟುತ್ತಾರೆ. ಬಾವು ಇಳಿಯಲಿಲ್ಲವೆಂದು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಚೀಟಿ ಬರೆಸಿಕೊಂಡು ವಿಜಯಪುರ. ಅಷ್ಟರಲ್ಲಿ ಕೀಲು ತುಂಬಿಕೊಂಡು, ತೊಡೆಯ ಸ್ನಾಯು ಬಿಗಿದು, ಆತ ಕಾಲು ಮುಟ್ಟಲೂ ಬಿಡುವುದಿಲ್ಲ. ನೀವು ಲಾಕ್‌ಮನ್ ಪರೀಕ್ಷೆ, ಅಂದರೆ ಮೊಣಕಾಲಿನ ಒಳಗಿನ ಅಸ್ಥಿರಜ್ಜು ಹರಿದಿದೆಯೇ ಎಂದು ನೋಡುವುದನ್ನು, ಕಲಿತದ್ದು ಇಂಥ ಕಾಲಿನ ಮೇಲೆ, ಇಲ್ಲವೇ ಪಕ್ಕದ ಬೆಂಚಿನ ಗೆಳೆಯನ ಗಟ್ಟಿಮುಟ್ಟಾದ ಕಾಲಿನ ಮೇಲೆ. ಆದರೆ ಅದು ಸ್ಪಷ್ಟವಾಗಿ ಉತ್ತರ ಕೊಡುವುದು ಪೆಟ್ಟು ಬಿದ್ದ ಮೊದಲ ಕೆಲವು ನಿಮಿಷಗಳಲ್ಲಿ, ಬಾವು ಬರುವ ಮುನ್ನ. ಮೊಣಕಾಲನ್ನು ತುಸುವೇ ಮಡಚಿ, ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದರಲ್ಲಿ ಕೆಳಗಿನ ಎಲುಬನ್ನು ಮುಂದಕ್ಕೆ ಎಳೆದಾಗ ಕೊನೆಗೆ ತಡೆ ಸಿಕ್ಕಿತೋ, ತಡೆಯೇ ಇಲ್ಲದೆ ಜಾರಿತೋ, ಅದನ್ನು ಬೆರಳು ಹೇಳಬೇಕು. ಆ ನಿಮಿಷಗಳಲ್ಲಿ ಅಲ್ಲಿ ನಿಮ್ಮಲ್ಲಿ ಯಾರೂ ಇರುವುದಿಲ್ಲ.

ಬೆರಳಿನಿಂದ ನೋಡುವುದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ. ಬಸವನ ಬಾಗೇವಾಡಿ ಕಡೆಯ ಒಂದು ಗರಡಿಯಲ್ಲಿ ಒಬ್ಬ ವಸ್ತಾದರಿದ್ದರು. ಓದಿದ್ದು ಕಡಿಮೆ, ನೋಡಿದ್ದು ಬಹಳ. ಸಂಜೆ ಹುಡುಗರು ಸಾಮು ಮಾಡಲು ಬರುವಾಗ ಬಾಗಿಲ ಬಳಿಯೇ ಕೂತು, ಯಾರು ಚಪ್ಪಲಿ ಹೇಗೆ ಬಿಡುತ್ತಾರೆ ಎಂದು ನೋಡುತ್ತಿದ್ದರು. ಒಬ್ಬ ಗೋಡೆ ಹಿಡಿದು ಚಪ್ಪಲಿ ಬಿಟ್ಟರೆ ಅವತ್ತು ಅವನಿಗೆ ಜೋಡಿ ಇಲ್ಲ. ನಾನು ನೋವಿನ ಕಾಲಿಗೆ ನೇರ ಕೈ ಹಾಕಿದಾಗ ಗದರಿದರು: "ಛಲೋ ಕಾಲು ಮೊದಲ ಮುಟ್ರಿ ಡಾಕ್ಟ್ರ. ಅದ ಗೊತ್ತಿಲ್ದ ಕೆಟ್ಟದ್ದು ಹ್ಯಾಂಗ ಗೊತ್ತಾಗ್ತೈತಿ?" ಪಠ್ಯದಲ್ಲೂ ಇದೇ ಇದೆ, ಆದರೆ ಪಠ್ಯ ಯಾರನ್ನೂ ಗದರುವುದಿಲ್ಲ. ಕಣದ ಕೆಂಪು ಮಣ್ಣಿನಲ್ಲಿ ಕೂತು ಹೆಗಲು, ಕುತ್ತಿಗೆ, ಸೊಂಟ ಮುಟ್ಟಿ ಮುಟ್ಟಿ ನನ್ನ ಬೆರಳಿಗೆ ಬುದ್ಧಿ ಬಂತು.

ಅವರು ಮಾಡಿದ್ದೆಲ್ಲ ಸರಿ ಎಂದು ನಾನು ಹೇಳಲಾರೆ. ಜಾರಿದ ಭುಜವನ್ನು ಒಂದೇ ಜಗ್ಗಿಗೆ ಕೂಡಿಸುವುದು ಅವರ ಹೆಮ್ಮೆ. ಅದಕ್ಕಾಗಿ ಇಬ್ಬರೂ ಜಗಳಾಡಿದ್ದೇವೆ. ಎಲುಬು ಮುರಿದಿದ್ದರೆ? ನರ ಸಿಕ್ಕಿಕೊಂಡಿದ್ದರೆ? ಮಣಿಕಟ್ಟಿನ ನಾಡಿ ನೋಡಿ, ತೋಳಿನ ಮೇಲ್ಭಾಗದ ಹೊರಮೈ ಸವರಿ ಜೋಮು ಹಿಡಿದಿದೆಯೇ ಎಂದು ಕೇಳಿ, ಇಷ್ಟೇ ನಾನು ಅವರಿಗೆ ಕಲಿಸಿದ್ದು. ಬರಬರುತ್ತ ಅವರು ಜಗ್ಗುವುದನ್ನು ಬಿಟ್ಟು, ಟವೆಲ್ಲಿನಲ್ಲಿ ಕೈ ತೂಗುಹಾಕಿ ಹುಡುಗರನ್ನು ಆಸ್ಪತ್ರೆಗೆ ಕಳಿಸತೊಡಗಿದರು. ಕಿವಿಯ ವಿಷಯದಲ್ಲಿ ಮಾತ್ರ ನಾನು ಸೋತೆ. ಕಿವಿಯಲ್ಲಿ ರಕ್ತ ಕಟ್ಟಿದರೆ ಬೇಗ ತೆಗೆಸಬೇಕು ಎಂದರೆ, ಮುರುಟಿದ ಕಿವಿ ಇಲ್ಲದವನು ಎಂಥ ಪೈಲ್ವಾನ ಎಂದು ನಗುತ್ತಿದ್ದರು.

ಈಗ ನಿಮ್ಮ ಮೇಲಿನ ಸಿಟ್ಟು. ಐಎಫ್‌ಟಿ ಎಂಬ ವಿದ್ಯುತ್ ಯಂತ್ರದ ಪ್ಯಾಡು ಹಚ್ಚಿ, ಟೈಮರ್ ತಿರುವಿ, ಮೊಬೈಲ್ ಹಿಡಿದು ಕೂಡುವುದಕ್ಕೆ ಸ್ನಾತಕೋತ್ತರ ಪದವಿ ಬೇಕೇ? ಬಣ್ಣದ ಟೇಪು ಸುತ್ತಿ ಫೋಟೋ ಹಾಕುತ್ತೀರಿ. ಟೇಪಿನ ಕೆಳಗಿನ ಕೀಲನ್ನು ಒತ್ತಿ ನೋಡಿದ್ದೀರಾ? ಪಾದದ ಕೀಲು ಉಳುಕಿದಾಗ ಎಕ್ಸ್‌ರೇ ಬೇಕೋ ಬೇಡವೋ ಎಂದು ತೀರ್ಮಾನಿಸುವ ಒಟ್ಟಾವಾ ನಿಯಮಗಳು 1992ರಲ್ಲೇ ಬಂದಿವೆ. ಕೀಲಿನ ಎರಡೂ ಗುಬಟಿಗಳ ಹಿಂಬದಿಯ 6 ಸೆಂಟಿಮೀಟರ್, ಪಾದದ ಹೊರ ಅಂಚಿನ ಎಲುಬಿನ ಬುಡ, ಒಳಬದಿಯ ಒಂದು ಎಲುಬು, ಇವನ್ನು ಒತ್ತುವುದು. ನಾಲ್ಕು ಹೆಜ್ಜೆ ನಡೆಸಿ ನೋಡುವುದು. ಸಿಂದಗಿಯ ಹಳ್ಳಿಯಿಂದ ಎಕ್ಸ್‌ರೇಗೆ ಹೋದರೆ ಒಬ್ಬ ತಂದೆಯ ಒಂದು ದಿನದ ಕೂಲಿ ಹೋಗುತ್ತದೆ. ನಿಮ್ಮ ಹೆಬ್ಬೆರಳು ಅದನ್ನು ಉಳಿಸಬಲ್ಲದು.

ಅಮೆರಿಕದಲ್ಲಿ ಮೈದಾನದ ಪಕ್ಕದಲ್ಲೇ ಆಟಗಾರರ ಪೆಟ್ಟು ನೋಡಿಕೊಳ್ಳುವ ಅಥ್ಲೆಟಿಕ್ ಟ್ರೇನರ್ ಎಂಬುದು ಪ್ರತ್ಯೇಕ ವೃತ್ತಿ. ಅಲ್ಲಿ 2022ರ ನಂತರ ಈ ವೃತ್ತಿಗೆ ಹೊಸಬರನ್ನು ಪದವಿ ಮಟ್ಟದಲ್ಲಿ ಸೇರಿಸಿಕೊಳ್ಳುವುದು ನಿಂತು, ಸ್ನಾತಕೋತ್ತರ ಓದು ಕಡ್ಡಾಯವಾಯಿತು. ಕನಿಷ್ಠ 4 ವಾರ ವಿದ್ಯಾರ್ಥಿ ಪೂರ್ಣಾವಧಿಯಾಗಿ ಟ್ರೇನರ್ ಕೆಲಸದಲ್ಲೇ ತೊಡಗಿರಬೇಕೆಂಬ ನಿಯಮವೂ ಬಂತು. ನಮ್ಮಲ್ಲಿ ಆ ಕೆಲಸ ಸ್ಪೋರ್ಟ್ಸ್ ಫಿಸಿಯೋಗಳ ಹೆಗಲ ಮೇಲಿದೆ, ಆ 4 ವಾರ ಮಾತ್ರ ಕಾಣುವುದಿಲ್ಲ. ಕುಲಪತಿಗಳೇ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ತಾಲ್ಲೂಕಿಗೊಂದು ವಾರ ವಿದ್ಯಾರ್ಥಿಗಳನ್ನು ಕಳಿಸಿ. ಗರಡಿ ಇದೆ, ಕಬಡ್ಡಿ ಇದೆ, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರಿದ್ದಾರೆ, ಶಾಲೆಯ ಖೋ ಖೋ ಹುಡುಗಿಯರಿದ್ದಾರೆ. ಕಟ್ಟಡ ಬೇಡ, ಒಬ್ಬ ಮೇಲ್ವಿಚಾರಕ ಶಿಕ್ಷಕರು ಸಾಕು. ಶಿಕ್ಷಕರಿಲ್ಲದೆ ಮಕ್ಕಳನ್ನಷ್ಟೇ ಕಳಿಸುವುದಾದರೆ ಈ ಸಲಹೆಯನ್ನು ಮರೆತುಬಿಡಿ.

ಸೈಕ್ಲಿಂಗ್‌ಗೆ ಹೆಸರಾದ ಜಿಲ್ಲೆ ನಮ್ಮ ವಿಜಯಪುರ. ಎಷ್ಟೋ ಮಕ್ಕಳು ಅಣ್ಣನ ಸೈಕಲ್ ತುಳಿದು ಶುರು ಮಾಡುತ್ತಾರೆ, ಸೀಟು ತಗ್ಗಾಗಿ ಮೊಣಕಾಲ ಚಿಪ್ಪಿನ ಸುತ್ತ ನೋವು. ಯಂತ್ರ ಹಚ್ಚುವ ಮೊದಲು ಸೀಟು ಎತ್ತರಿಸಿ. ಪೆಡಲ್ ಕೆಳಗಿದ್ದಾಗ ಮೊಣಕಾಲು 25ರಿಂದ 35 ಡಿಗ್ರಿ ಮಡಚಿರಲಿ. ಇನ್ನು ಬೇಸಿಗೆ. ನಮ್ಮಲ್ಲಿ 40 ಡಿಗ್ರಿ ದಾಟಿದ ಬಿಸಿಲಿನಲ್ಲೂ ಟೂರ್ನಮೆಂಟುಗಳು ನಡೆಯುತ್ತವೆ. ಆಡುತ್ತಲೇ ತೊದಲಿ, ಗೊಂದಲಗೊಂಡು ಕುಸಿದವನನ್ನು ಜೀಪಿಗೆ ಹಾಕಲು ಎಲ್ಲರೂ ಓಡುತ್ತಾರೆ. ತಡೆಯಿರಿ. ರೈತರ ಮನೆಯ ತಾಡಪತ್ರಿಯ ನಾಲ್ಕೂ ಮೂಲೆ ಎತ್ತಿ ಹಿಡಿಸಿ, ಅದರಲ್ಲಿ ಅವನನ್ನು ಮಲಗಿಸಿ, ತಣ್ಣೀರು, ಮಂಜುಗಡ್ಡೆ ಸುರಿದು ಅಲ್ಲಾಡಿಸಿ. ಮೊದಲು ತಣಿಸಬೇಕು, ಆಮೇಲೆ ಸಾಗಿಸಬೇಕು. ಆ್ಯಂಬುಲೆನ್ಸಿಗೆ ಒಬ್ಬರು ಫೋನ್ ಮಾಡುತ್ತಿರಲಿ.

ಇನ್ನೆರಡು ಮಾತು. ಉಗುರು ಕತ್ತರಿಸಿಕೊಳ್ಳಿ. ಹುಡುಗಿಯರು ಬೈಕ್ ಓಡಿಸುವುದನ್ನು ಕಲಿಯಿರಿ. ಕೊನೆಯ ಬಸ್ಸಿಗೆ ಹೆದರಿ ಆಟ ಮುಗಿಯುವ ಮೊದಲೇ ಎದ್ದು ಬರಬೇಕಾಗಬಾರದು. ಹಳ್ಳಿಯ ಆಟಗಾರ್ತಿಗೆ ನಿಮ್ಮಷ್ಟು ಬೇಕಾದವರು ಬೇರೆ ಯಾರೂ ಇಲ್ಲ. ದುಬೈ, ಲಂಡನ್ ಎಂದು ಹೊರಟವರನ್ನು ತಡೆಯುವ ಹಕ್ಕು ನನಗಿಲ್ಲ, ನಿಮ್ಮ ಮೇಲೆ ಸಾಲವಿದೆ ಎಂಬುದು ಗೊತ್ತು. ಹೋಗುವ ಮುನ್ನ ಒಂದು ಹಂಗಾಮು ಇಲ್ಲಿ ದುಡಿಯಿರಿ.

ಶ್ರಾವಣದಲ್ಲಿ ಬಾಗೇವಾಡಿಯ ಬಸವೇಶ್ವರ ಜಾತ್ರೆ. ಕುಸ್ತಿ ಕಣದ ಪಕ್ಕ ನಮಗೊಂದು ಮೇಜು ಹಾಕಿಸಿಕೊಡಲು ಜಾತ್ರಾ ಕಮಿಟಿಯವರನ್ನು ನಾನೇ ಕೇಳುತ್ತೇನೆ. ಬರುವವರು ಊಟಕ್ಕೆ ಹೋಗುವ ಮುನ್ನ ನನ್ನ ಹತ್ತಿರ ಹೆಸರು ಬರೆಸಿ ಹೋಗಿ.