ಗುಜರಿಯಿಂದ ಗೋಳಗುಮ್ಮಟ

(ಶಾಲಾ ವಸ್ತುಪ್ರದರ್ಶನದ ಸಂದರ್ಭದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ವಿಜ್ಞಾನ ಶಿಕ್ಷಕರು ಇಷ್ಟು ಜನ ಇರುವಾಗ ಉರ್ದು ಮತ್ತು ಕನ್ನಡ ಕಲಿಸುವ ನನ್ನನ್ನು ಮಾದರಿ ತಯಾರಿಕೆಯ ಬಗ್ಗೆ ಮಾತನಾಡಲು ನಿಲ್ಲಿಸಿದ್ದಾರೆ. ನನಗಿರುವ ಅರ್ಹತೆ ಒಂದೇ. ಮಾದರಿಗೆ ಉರ್ದುವಿನಲ್ಲಿ ನಮೂನಾ ಎನ್ನುತ್ತೇವೆ, ಕನ್ನಡದಲ್ಲಿ ನಮೂನೆ. ಎರಡೂ ಒಂದೇ ಪಾರಸಿ ಮಾತು. ಹಾಗಾಗಿ ಈ ವಿಷಯ ನನ್ನ ಎರಡೂ ತರಗತಿಗಳಿಗೆ ಸೇರಿದ್ದು ಎಂದು ಭಾವಿಸಿ ಒಪ್ಪಿಕೊಂಡೆ. ಮಾದರಿಗೆ ಬೇಕಾಗುವ ಸಾಮಾನನ್ನು ಎಲ್ಲಿಂದ ತರಬೇಕು, ಯಾವುದನ್ನು ಕೊಳ್ಳಬೇಕು, ಯಾವುದನ್ನು ಕೊಳ್ಳಬಾರದು ಎಂಬುದಷ್ಟೇ ನನ್ನ ಇಂದಿನ ಮಾತು.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಎಂಟನೇ ತರಗತಿಯ ಮಕ್ಕಳಿಗೆ ಒಂದು ಐತಿಹಾಸಿಕ ಕಟ್ಟಡದ ಮಾದರಿ ಮಾಡಿಕೊಂಡು ಬನ್ನಿ ಎಂದೆ. ಕಪ್ಪುಹಲಗೆಯ ಮೇಲೆ ಸಾಮಾನುಗಳ ಪಟ್ಟಿಯನ್ನೂ ಬರೆದೆ: ಸನ್‌ಬೋರ್ಡ್, ಥರ್ಮೋಕೋಲ್ ಹಾಳೆ, ಅಕ್ರಿಲಿಕ್ ಬಣ್ಣದ ಡಬ್ಬಿ, ಪಾರದರ್ಶಕ ಹಾಳೆ, ಅಂಟು. ಒಟ್ಟು ಎಷ್ಟಾಗುತ್ತದೆ ಎಂದು ನಾನು ಲೆಕ್ಕ ಹಾಕಲೇ ಇಲ್ಲ. ಮರುದಿನದಿಂದ ಒಬ್ಬ ಹುಡುಗ ಶಾಲೆಗೆ ಬರಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಅವನ ಮನೆಗೆ ಹೋದೆ. ತಂದೆ ಕೈಗಾಡಿ ತಳ್ಳಿಕೊಂಡು ಗುಜರಿ ಸಂಗ್ರಹಿಸುವವರು. ಅಂಗಳದಲ್ಲಿ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಗಳು, ಟಿ.ವಿ. ಜೊತೆಗೆ ಬರುವ ಥರ್ಮೋಕೋಲ್ ತುಂಡುಗಳು, ಸಿ.ಡಿ. ಕವಚಗಳು, ಮುರಿದ ರೇಡಿಯೋ ಇವೆಲ್ಲ ಬಿದ್ದಿದ್ದವು. ನನ್ನ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಸಾಮಾನು ಅಲ್ಲೇ ಇತ್ತು. ಆದರೆ ಅದನ್ನು ತರಗತಿಗೆ ತಂದರೆ ತಂದೆಯ ಕೆಲಸ ಎಲ್ಲರಿಗೂ ತಿಳಿಯುತ್ತದೆ ಎಂದು ಹುಡುಗ ಹಿಂಜರಿದಿದ್ದ. ಕೊಳ್ಳಲು ಹಣವೂ ಇಲ್ಲ, ಇದ್ದದ್ದನ್ನು ತರಲು ಮನಸ್ಸೂ ಇಲ್ಲ. ಬಿ.ಎಡ್.ನಲ್ಲಿ ಕಡಿಮೆ ವೆಚ್ಚದ ಬೋಧನೋಪಕರಣಗಳ ಬಗ್ಗೆ ಪುಟಗಟ್ಟಲೆ ಬರೆದು ಅಂಕ ಪಡೆದವನು ನಾನು. ಆ ದಿನ ನಿಜಕ್ಕೂ ನಾಚಿಕೆಯಾಯಿತು.

ಅಂದಿನಿಂದ ಪಟ್ಟಿ ಬರೆಯುವುದನ್ನು ಬಿಟ್ಟೆ. ಈಗ ಮೊದಲು ಬರೆಯುವುದು ಅಳತೆ.

ವಿದ್ಯಾರ್ಥಿ ಮಿತ್ರರೇ, ಕಟ್ಟಡದಂತೆ ಕಾಣುವುದೆಲ್ಲ ಪ್ರಮಾಣಬದ್ಧ ಮಾದರಿ ಆಗುವುದಿಲ್ಲ. ಅದರ ಪ್ರತಿಯೊಂದು ಭಾಗವೂ ಮೂಲದ ಒಂದೇ ಅನುಪಾತದಲ್ಲಿ ಇರಬೇಕು. ಅನುಪಾತ ಗೊತ್ತಾಗುವ ತನಕ ಕಸ ಕಸವೇ. ಗೊತ್ತಾದ ಮೇಲೆ ಅದೇ ಕಸ ಸಾಮಗ್ರಿಯಾಗುತ್ತದೆ. ನಮ್ಮ ಗೋಳಗುಮ್ಮಟವನ್ನೇ ನೋಡಿ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹರ ಸಮಾಧಿ ಅದು. ಕಟ್ಟಡದ ಒಂದೊಂದು ಬದಿ ಸುಮಾರು 47.5 ಮೀಟರ್, ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ನೂರರಲ್ಲಿ ಒಂದು ಪಾಲು ಮಾಡಿದರೆ ಒಂದು ಬದಿಯೇ 47.5 ಸೆಂ.ಮೀ. ಆಗುತ್ತದೆ, ಮಕ್ಕಳು ಹೊತ್ತು ತರುವುದು ಕಷ್ಟ. ಇನ್ನೂರರಲ್ಲಿ ಒಂದು ಪಾಲು, ಅಂದರೆ 1:200 ಎಂದು ಇಟ್ಟುಕೊಂಡರೆ ಬದಿ 23.75 ಸೆಂ.ಮೀ., ಗುಮ್ಮಟ 22 ಸೆಂ.ಮೀ.

ಇಪ್ಪತ್ತೆರಡು ಸೆಂಟಿಮೀಟರಿನ ಗೋಳ ನಮ್ಮ ಶಾಲೆಯಲ್ಲಿ ಏನಿದೆ ಎಂದು ಕೇಳಿದೆ. ಮಕ್ಕಳು ಪಾತ್ರೆ, ಮಡಕೆ, ಬಲೂನು ಎಂದರು. ಗುಜರಿಯವರ ಹುಡುಗ ಮಾತ್ರ ಫುಟ್‌ಬಾಲ್ ಎಂದ. ಸೈಜ್ 5 ಫುಟ್‌ಬಾಲಿನ ಸುತ್ತಳತೆ 68ರಿಂದ 70 ಸೆಂ.ಮೀ. ಇರುತ್ತದೆ. ಅದನ್ನು 3.14ರಿಂದ ಭಾಗಿಸಿ ನೋಡಿ, ಹೆಚ್ಚೂಕಡಿಮೆ 22 ಬರುತ್ತದೆ. ಆ ದಿನ ಗಣಿತದ ಶಿಕ್ಷಕರು ನನಗಿಂತ ಹೆಚ್ಚು ಸಂತೋಷಪಟ್ಟರು.

ಮೇಲಿನ ಹೊದಿಕೆ ಕಿತ್ತುಹೋಗಿ ಆಟಕ್ಕೆ ಬಾರದ, ಆದರೆ ಗಾಳಿ ಹಿಡಿಯುವ ಒಂದು ಚೆಂಡು ಸಿಕ್ಕಿತು. ಮೈದಾ ಗಂಜಿ ಕಾಯಿಸಿ, ಹಳೆಯ ಪತ್ರಿಕೆಗಳನ್ನು ಪಟ್ಟಿ ಪಟ್ಟಿಯಾಗಿ ಹರಿದು, ಚೆಂಡಿನ ಮೇಲರ್ಧಕ್ಕೆ ಆರು ಸುತ್ತು ಅಂಟಿಸಿದೆವು. ಮೊದಲ ಸಲ ಚೆಂಡಿಗೆ ಪ್ಲಾಸ್ಟಿಕ್ ಚೀಲ ಹೊದಿಸುವುದನ್ನು ಮರೆತೆವು. ಗುಮ್ಮಟ ಚೆಂಡಿಗೇ ಕಚ್ಚಿಕೊಂಡಿತು, ದೈಹಿಕ ಶಿಕ್ಷಕರು ಎರಡು ದಿನ ನನ್ನೊಂದಿಗೆ ಮಾತನಾಡಲಿಲ್ಲ. ಎರಡನೇ ಸಲ ಚೀಲ ಹೊದಿಸಿ, ಪ್ರತಿ ಎರಡು ಸುತ್ತಿಗೊಮ್ಮೆ ಒಣಗಿಸಿ, ಕೊನೆಗೆ ಗಾಳಿ ಬಿಟ್ಟಾಗ ಚೆಂಡು ಮೆತ್ತಗೆ ಕಳಚಿ ಬಂತು. ಪತ್ರಿಕೆ ಹರಿಯುವಾಗ ಒಂದು ಎಚ್ಚರ ವಹಿಸಿದೆವು. ಅಲ್ಲಾಹನ ಹೆಸರು ಅಥವಾ ಆಯತ್‌ಗಳಿರುವ ಉರ್ದು ಪುಟಗಳನ್ನು ಬೇರೆ ಇಟ್ಟೆವು. ಮದುವೆ ಆಮಂತ್ರಣ ಪತ್ರಗಳಲ್ಲಿಯೂ ಹಾಗೆಯೇ, ಬಿಸ್ಮಿಲ್ಲಾ ಇರುವ ಭಾಗವನ್ನೂ, ಹಿಂದೂ ಸಹೋದರರ ಪತ್ರಗಳಲ್ಲಿ ದೇವರ ಚಿತ್ರವಿರುವ ಭಾಗವನ್ನೂ ಮೊದಲೇ ತೆಗೆದಿಟ್ಟೆವು. ಉಳಿದ ದಪ್ಪ ಕಾಗದದಷ್ಟು ಒಳ್ಳೆಯ ಸಾಮಗ್ರಿ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಒಂದು ಮದುವೆಗೆ ಜನ ಖರ್ಚು ಮಾಡುವ ಕಾಗದವನ್ನು ನೋಡಿದರೆ ಒಂದು ಶಾಲೆಗೆ ವರ್ಷವಿಡೀ ಸಾಕು!

ಗೋಡೆಗಳಿಗೆ ಫ್ರಿಜ್ಜಿನ ಪೆಟ್ಟಿಗೆಯ ರಟ್ಟು. ರಟ್ಟಿನ ಒಳಗಿನ ಸುಕ್ಕುಗಳು ಮೇಲಿನಿಂದ ಕೆಳಕ್ಕೆ ನಿಲ್ಲುವಂತೆ ಕತ್ತರಿಸಿದರೆ ಗೋಡೆ ಬಾಗುವುದಿಲ್ಲ, ಅಡ್ಡಕ್ಕೆ ಕತ್ತರಿಸಿದರೆ ಗುಮ್ಮಟದ ಭಾರಕ್ಕೆ ಕುಸಿಯುತ್ತದೆ. ನಾಲ್ಕು ಮೂಲೆಗಳ ಏಳು ಅಂತಸ್ತಿನ ಎಂಟು ಮೂಲೆಯ ಗೋಪುರಗಳಿಗೆ ಆಮಂತ್ರಣ ಪತ್ರ. ಕಷ್ಟವಾಗಿದ್ದು ಅವುಗಳ ಕಮಾನುಗಳು. ಕಾಗದ ತೂತು ಮಾಡುವ ಪಂಚಿನಿಂದ ಮಾಡಿದರೆ ಕಮಾನು ದುಂಡಗೆ ಬಂತು, ಆದರೆ ಆದಿಲ್‌ಶಾಹಿ ಕಮಾನಿಗೆ ತುದಿಯಲ್ಲಿ ಮೊನೆ ಇದೆ. ಚಿತ್ರ ನೋಡಿ ಇದನ್ನು ಗುರುತಿಸಿದವಳು ಹಿಂದಿನ ಬೆಂಚಿನ ಒಬ್ಬ ಹುಡುಗಿ. ಪರಿಹಾರ ಸಿಕ್ಕಿದ್ದು ಆ ಮುರಿದ ರೇಡಿಯೋದಲ್ಲಿ. ರೇಡಿಯೋದ ಏರಿಯಲ್ ಕಡ್ಡಿ ಒಂದರೊಳಗೊಂದು ಸೇರುವ ತೆಳ್ಳಗಿನ ಹಿತ್ತಾಳೆ ಕೊಳವೆಗಳಿಂದ ಆದದ್ದು. ಒಂದು ತುಂಡನ್ನು ಇಕ್ಕಳದಿಂದ ಒತ್ತಿ ಕಮಾನಿನ ಆಕಾರಕ್ಕೆ ತಂದು, ಅಂಚನ್ನು ಅರದಿಂದ ಉಜ್ಜಿ ಹರಿತ ಮಾಡಿದೆವು. ಹಳೆಯ ಹವಾಯಿ ಚಪ್ಪಲಿಯ ಮೇಲೆ ಪತ್ರವನ್ನಿಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಿದರೆ ಒಂದು ಕಮಾನು. ಅಂಥ ಏಟುಗಳು ನೂರಾರು ಬಿದ್ದವು. ಪಕ್ಕದ ತರಗತಿಯವರ ಕ್ಷಮೆ ಕೇಳಿದ್ದೇನೆ.

ಇದು ಬಡವರ ಉಪಾಯ ಎಂದು ಯಾರೂ ತಿಳಿಯಬಾರದು. 1977ರಲ್ಲಿ ಬಂದ ಸ್ಟಾರ್ ವಾರ್ಸ್ ಚಿತ್ರದ ಆಕಾಶನೌಕೆಗಳ ಮೈಮೇಲೆ ಕಾಣುವ ಯಂತ್ರಭಾಗಗಳು ಅಂಗಡಿಯಲ್ಲಿ ಸಿಗುವ ಟ್ಯಾಂಕು, ವಿಮಾನಗಳ ಪ್ಲಾಸ್ಟಿಕ್ ಕಿಟ್‌ಗಳಿಂದ ಕಿತ್ತು ಅಂಟಿಸಿದವು. ಜಪಾನಿನ ಶಿಜುಓಕಾದ ತಮಿಯಾ ಸಂಸ್ಥೆ ಇಂದು ಮಾದರಿಗಳ ಲೋಕದಲ್ಲಿ ದೊಡ್ಡ ಹೆಸರು. 1946ರಲ್ಲಿ ಅದು ಮರದ ವ್ಯಾಪಾರವಾಗಿ ಶುರುವಾಯಿತು. 1961ರಲ್ಲಿ ಅವರು ಒಂದು ಟ್ಯಾಂಕಿನ ಮಾದರಿ ಮಾಡಿದಾಗ ಒಳಗೆ ಮೋಟಾರು ಮತ್ತು ಬ್ಯಾಟರಿ ಹಿಡಿಸಬೇಕಿತ್ತು. ಅದಕ್ಕೆ ತಕ್ಕಂತೆ ಗಾತ್ರ ಇಟ್ಟದ್ದರಿಂದ 1:35 ಎಂಬ ವಿಚಿತ್ರ ಅನುಪಾತ ಹುಟ್ಟಿ, ಮುಂದೆ ಪ್ರಪಂಚಕ್ಕೆಲ್ಲ ಹರಡಿತು. ಅವರಿಗೆ ಬ್ಯಾಟರಿ ಅಳತೆ ಕೊಟ್ಟಿತು, ನಮಗೆ ಫುಟ್‌ಬಾಲ್ ಕೊಟ್ಟಿತು.

ಇನ್ನು ಪ್ಲಾಸ್ಟಿಕ್ಕಿನ ವಿಷಯ. ಇದನ್ನು ನನಗೆ ಕಲಿಸಿದ್ದು ಆ ಹುಡುಗ ಮತ್ತು ಅವನ ತಂದೆ. ಪ್ಲಾಸ್ಟಿಕ್ ಸಾಮಾನಿನ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 6 ಎಂದಿದ್ದರೆ ಪಾಲಿಸ್ಟೈರೀನ್. ಕಿಟ್‌ಗಳನ್ನು ಮಾಡುವುದು ಸಾಮಾನ್ಯವಾಗಿ ಇದರಿಂದಲೇ. ಸಿ.ಡಿ. ಕವಚವೂ ಇದೇ ಜಾತಿ. ಬ್ಲೇಡಿನಿಂದ ಗೀರಿ ಬಗ್ಗಿಸಿದರೆ ಗೀರಿದಲ್ಲೇ ಮುರಿಯುತ್ತದೆ, ಕಿಟಕಿಯ ಗಾಜಿಗೆ ಹೇಳಿ ಮಾಡಿಸಿದಂತಿದೆ. 2, 4, 5 ಅಂಕಿಯ ಡಬ್ಬಿ, ಮುಚ್ಚಳ, ಚೀಲಗಳಿಗೆ ಬಹುತೇಕ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಅವನ್ನು ಬಣ್ಣ ಕಲಸಲು ಇಟ್ಟುಕೊಳ್ಳಿ. ಅಂಕಿ ಅಳಿಸಿಹೋಗಿದ್ದರೆ ಏನು ಮಾಡುವುದು? ಹುಡುಗನ ತಂದೆ ಬಗ್ಗಿಸಿ, ಕಿವಿಯ ಹತ್ತಿರ ಹಿಡಿದು ಹೇಳುತ್ತಿದ್ದರು. ಪಟ್ಟೆಂದು ಮುರಿಯುವುದು ಅವರ ಭಾಷೆಯಲ್ಲಿ ಕಡಕ್ ಮಾಲು. ಅನುಮಾನ ಬಂದರೆ ಬಕೆಟ್ಟಿನ ನೀರಿಗೆ ಒಂದು ಚೂರು ಹಾಕುತ್ತಿದ್ದರು. 2, 4, 5 ತೇಲುತ್ತವೆ, ಗಟ್ಟಿ ಪಾಲಿಸ್ಟೈರೀನ್ ಮುಳುಗುತ್ತದೆ. ಅದನ್ನು ಅವರು ಯಾವ ಪುಸ್ತಕದಲ್ಲಿಯೂ ಓದಿದವರಲ್ಲ. ನಾನು ಅವರನ್ನು ಒಂದು ದಿನ ತರಗತಿಗೆ ಕರೆದೆ. ಬರಲು ಬಹಳ ಸಂಕೋಚಪಟ್ಟರು, ಬಂದ ಮೇಲೆ ಮಕ್ಕಳು ಅವರನ್ನು ಗಂಟೆ ಹೊಡೆದ ಮೇಲೂ ಬಿಡಲಿಲ್ಲ.

ಥರ್ಮೋಕೋಲ್ ಕೂಡ ಪಾಲಿಸ್ಟೈರೀನೇ, ಗಾಳಿ ತುಂಬಿಸಿ ಉಬ್ಬಿಸಿದ್ದು. ಆದ್ದರಿಂದ ಪೆಟ್ರೋಲು, ತಿನ್ನರ್, ಸ್ಪ್ರೇ ಬಣ್ಣ ತಗುಲಿದರೆ ಕರಗಿ ಕುಳಿ ಬೀಳುತ್ತದೆ. ಒಬ್ಬ ವಿದ್ಯಾರ್ಥಿ ತನ್ನ ಅಣ್ಣನ ಗ್ಯಾರೇಜಿನಿಂದ ತಂದ ಬಣ್ಣ ಸಿಂಪಡಿಸಿ ಒಂದು ವಾರದ ಕೆಲಸವನ್ನು ಐದು ನಿಮಿಷದಲ್ಲಿ ಕಳೆದುಕೊಂಡ. ಥರ್ಮೋಕೋಲಿಗೆ ಫೆವಿಕಾಲ್ ಮತ್ತು ನೀರಿನ ಬಣ್ಣ ಮಾತ್ರ. ಅಂದಹಾಗೆ 2022ರ ಜುಲೈ 1ರಿಂದ ಅಲಂಕಾರದ ಥರ್ಮೋಕೋಲ್, ಪ್ಲಾಸ್ಟಿಕ್ ಚಮಚ, ಲೋಟಗಳ ಮಾರಾಟ ಮತ್ತು ಬಳಕೆಗೆ ದೇಶದಲ್ಲಿ ನಿಷೇಧವಿದೆ. ಹೊಸ ಹಾಳೆ ಕೊಳ್ಳಲು ಓಡಾಡಬೇಡಿ. ಟಿ.ವಿ., ಫ್ರಿಜ್ಜಿನ ಜೊತೆಗೆ ಬಂದದ್ದನ್ನೇ ಉಪಯೋಗಿಸಿ.

ಕೆಲವು ವಸ್ತುಗಳನ್ನು ಎಷ್ಟು ಚೆಂದ ಕಂಡರೂ ಮುಟ್ಟಬಾರದು. ಆಸ್ಪತ್ರೆಯ ಸಿರಿಂಜು, ಸಲೈನ್ ಕೊಳವೆ ಬೇಡವೇ ಬೇಡ. ಟ್ಯೂಬ್‌ಲೈಟಿನಲ್ಲಿ ಪಾದರಸ ಇರುತ್ತದೆ. ಹಳೆಯ ಮೊಬೈಲ್ ಬ್ಯಾಟರಿಯನ್ನು ಒಡೆಯಬಾರದು. ಕಲ್ನಾರಿನ ಶೀಟನ್ನು ಉಜ್ಜಿ ಪುಡಿ ಮಾಡಬಾರದು. ತಾಮ್ರಕ್ಕಾಗಿ ವೈರನ್ನು ಸುಡಬಾರದು, ಅದರ ಮೇಲಿನ ಪಿ.ವಿ.ಸಿ. ಸುಟ್ಟಾಗ ಬರುವ ಹೊಗೆ ಶ್ವಾಸಕೋಶಕ್ಕೆ ವಿಷ. ಬ್ಲೇಡಿನಿಂದ ಸುಲಿಯಿರಿ, ತಡವಾದರೂ ಪರವಾಗಿಲ್ಲ.

ಹಾಗಾದರೆ ಕೊಳ್ಳುವುದೇನು? ಕತ್ತರಿಸುವುದು, ಅಳೆಯುವುದು, ಅಂಟಿಸುವುದು. ಈ ಮೂರಕ್ಕೆ ಹಣ ಕೊಡಿ. ತುದಿ ಮುರಿದು ಹೊಸದಾಗಿಸುವ ಕಟರ್ ಮತ್ತು ಅದರ ಬ್ಲೇಡುಗಳು, ಸ್ಟೀಲಿನ ಅಳತೆಪಟ್ಟಿ, ಒಂದು ಮೂಲೆಮಟ್ಟ, ಫೆವಿಕಾಲ್, ಒಂದೇ ಒಂದು ಒಳ್ಳೆಯ ಕುಂಚ. ಬ್ಲೇಡಿನಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಮೊಂಡು ಬ್ಲೇಡಿಗೆ ಹೆಚ್ಚು ಒತ್ತು ಕೊಡಬೇಕು, ಒತ್ತು ಹೆಚ್ಚಾದಾಗಲೇ ಅದು ಜಾರಿ ಬೆರಳಿಗೆ ಬರುವುದು. ಪ್ಲಾಸ್ಟಿಕ್ ಅಳತೆಪಟ್ಟಿಯ ಅಂಚನ್ನು ಬ್ಲೇಡ್ ಕತ್ತರಿಸುತ್ತದೆ, ಆಮೇಲೆ ಯಾವ ಗೆರೆಯೂ ನೆಟ್ಟಗೆ ಬರುವುದಿಲ್ಲ. ಬಣ್ಣಕ್ಕೆ ಮನೆಗೆ ಬಳಿದು ಉಳಿದ ಡಿಸ್ಟೆಂಪರ್ ಸಾಕು, ಅದಕ್ಕೆ ಬೇಕಾದ ಛಾಯೆಯ ಸ್ಟೇನರ್ ಬೆರೆಸಿ. ಗೋಳಗುಮ್ಮಟದ ಕಪ್ಪು ಬೂದು ಕಲ್ಲಿನ ಮೈ ಬರಲು ನಾವು ಜರಡಿ ಹಿಡಿದ ಒಲೆಯ ಬೂದಿಯನ್ನೂ ಸೇರಿಸಿದೆವು. ಆರು ಮಕ್ಕಳ ನಮ್ಮ ಗುಂಪಿಗೆ ಒಟ್ಟು ಖರ್ಚಾದದ್ದು 340 ರೂಪಾಯಿ. ಅದರಲ್ಲಿ ಕಟರ್, ಅಳತೆಪಟ್ಟಿ, ಕುಂಚ ಇಂದಿಗೂ ಶಾಲೆಯಲ್ಲಿವೆ.

ಅನುಕೂಲ ಇರುವವರು ಕಿಟ್ ಕೊಂಡರೆ ನನ್ನ ಆಕ್ಷೇಪವಿಲ್ಲ. 1:72ರ ಒಂದು ಚಿಕ್ಕ ವಿಮಾನದಿಂದ ಆರಂಭಿಸಿ. ಬಿಡಿಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಚೌಕಟ್ಟನ್ನು ಎಸೆಯಬೇಡಿ. ಅದರ ಕಡ್ಡಿಯನ್ನು, ದೊಡ್ಡವರು ಪಕ್ಕದಲ್ಲಿರುವಾಗ, ಮೇಣದಬತ್ತಿಯ ಜ್ವಾಲೆಯ ಮೇಲೆ ಮೆತ್ತಗಾಗಿಸಿ, ಹೊರತೆಗೆದು ಎರಡೂ ಕಡೆ ಎಳೆದರೆ ಕೂದಲಿನಷ್ಟು ತೆಳುವಾದ ತಂತಿ ಬರುತ್ತದೆ. ವಿಮಾನದ ಏರಿಯಲ್ಲಿಗೆ ಅದೇ ಸಾಮಗ್ರಿ.

ಬೆಂಗಳೂರಿಗೆ ಹೋದವರು ಎಸ್.ಪಿ. ರಸ್ತೆಯಲ್ಲಿ ಚಿಕ್ಕ ಮೋಟಾರು, ವೈರು, ಎಲ್.ಇ.ಡಿ. ಹುಡುಕಬಹುದು. ಆದರೆ ಅಷ್ಟು ದೂರ ಹೋಗುವ ಅಗತ್ಯ ಕಡಿಮೆ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದಪ್ಪ ಕಾಗದದ ಕತ್ತರಿಸಿದ ಪಟ್ಟಿಗಳು, ಫೋಟೋ ಫ್ರೇಮ್ ಅಂಗಡಿಯಲ್ಲಿ ರಟ್ಟಿನ ಚೂರುಗಳು, ಬೋರ್ಡ್ ಬರೆಯುವವರಲ್ಲಿ ಸನ್‌ಬೋರ್ಡಿನ ಅಂಚುಗಳು ಉಳಿಯುತ್ತವೆ. ಕೇಳಿ ತೆಗೆದುಕೊಳ್ಳಿ. ಗುಜರಿ ಅಂಗಡಿಯಲ್ಲಿ ಮಾತ್ರ ಪುಕ್ಕಟೆ ಕೇಳಬೇಡಿ. ಬೇರೆಯವರಿಗೆ ಅದು ಉಳಿಕೆ, ಅವರಿಗೆ ಅದೇ ಸರಕು. ಅದನ್ನು ಅವರೂ ತೂಕ ಮಾಡಿ ಹಣ ಕೊಟ್ಟು ತಂದಿರುತ್ತಾರೆ, ನೀವೂ ತೂಕದ ದರ ಕೊಡಿ. ಹುಡುಕಿದ ಮೇಲೆ ರಾಶಿಯನ್ನು ಮೊದಲಿದ್ದಂತೆ ಒಟ್ಟಿ ಬನ್ನಿ.

ಒಂದು ಕಡೆ ನಡೆದ ಸ್ಪರ್ಧೆಗೆ ನಮ್ಮ ಗುಮ್ಮಟವನ್ನು ಒಯ್ದಿದ್ದೆವು. ಅಂಗಡಿಯಿಂದ ಮಾಡಿಸಿ ತಂದ, ದೀಪ ಹೊತ್ತಿ ಆರುವ ಒಂದು ಅರಮನೆಗೆ ಪ್ರಥಮ ಬಹುಮಾನ ಬಂತು. ಅದರ ಬಾಗಿಲು ಕಿಟಕಿಗಿಂತ ಚಿಕ್ಕದಾಗಿತ್ತು. ತೀರ್ಪುಗಾರರು ಅನುಪಾತ ಎಷ್ಟು ಎಂದು ಯಾರನ್ನೂ ಕೇಳಲಿಲ್ಲ. ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ, ದಯವಿಟ್ಟು ಮಾದರಿಯನ್ನು ಕೊಂಡು ತರಬೇಡಿ. ಇಂದಿನ ತೀರ್ಪುಗಾರರಲ್ಲಿಯೂ ಒಂದು ವಿನಂತಿ. ಪ್ರತಿ ಮೇಜಿನ ಮುಂದೆ ನಿಂತು ಅನುಪಾತ ಕೇಳಿ, ಆಮೇಲೆ ಸಾಮಾನು ಎಲ್ಲಿಂದ ಬಂತು ಎಂದು ಕೇಳಿ.

ನಮ್ಮ ಗುಮ್ಮಟ ಬಾಗಿಲ ಪಕ್ಕದ ಮೇಜಿನ ಮೇಲಿದೆ. ಪಕ್ಕದಲ್ಲಿ ಎಂಟೂವರೆ ಮಿಲಿಮೀಟರ್ ಎತ್ತರದ ಒಬ್ಬ ಮನುಷ್ಯ ನಿಂತಿದ್ದಾನೆ, ಬೆಂಕಿಕಡ್ಡಿಯಿಂದ ಮಾಡಿದವನು, ಹುಡುಕಿದರೆ ಕಾಣುತ್ತಾನೆ. ಕಳೆದ ಮಳೆಗಾಲದಲ್ಲಿ ರಟ್ಟಿಗೆ ತೇವ ತಗುಲಿ ಒಂದು ಗೋಪುರ ಸ್ವಲ್ಪ ವಾಲಿದೆ. ಮುಟ್ಟಿ ನೋಡಬಹುದು, ಎತ್ತಬೇಡಿ. ಹತ್ತಿರದಲ್ಲೇ ಮೂರು ಖಾಲಿ ಪೆಟ್ಟಿಗೆಗಳನ್ನು ಇಟ್ಟಿದ್ದೇವೆ, ಆಮಂತ್ರಣ ಪತ್ರಕ್ಕೆ ಒಂದು, ಕಡಕ್ ಮಾಲಿಗೆ ಒಂದು, ಕೆಟ್ಟ ರೇಡಿಯೋಗಳಿಗೆ ಒಂದು. ಈ ವರ್ಷದ ಮಕ್ಕಳು ಇಬ್ರಾಹಿಂ ರೋಜಾ ಮಾಡಬೇಕೆಂದಿದ್ದಾರೆ. ಅದರ ಮಿನಾರುಗಳಿಗೆ ತಕ್ಕ ಕೊಳವೆ ಇನ್ನೂ ಸಿಕ್ಕಿಲ್ಲ.