ಹಿತ್ತಾಳೆ ತೂಕಕ್ಕೆ ಸಿಕ್ಕ ಮೈಕ್ರೋವೇವ್

ಇಲ್ಲಿ ಇ ಅಂಡ್ ಸಿ ಓದಿ, ಆಮೇಲೆ ಜಾವಾ ಕಡೆ ಬಂದವರು ಎಷ್ಟು ಜನ ಇದೀರಿ? ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ! ಹಾಗಾದ್ರೆ ಮೈಕ್ರೋವೇವ್ ಲ್ಯಾಬ್ ನೆನಪಿರಬೇಕು. ಟೇಬಲ್ ಉದ್ದಕ್ಕೂ ಜೋಡಿಸಿದ ಹಿತ್ತಾಳೆ ಕೊಳವೆ, ಪಕ್ಕದಲ್ಲಿ ಗುಂಯ್ ಅನ್ನೋ ಫ್ಯಾನ್, ಕೈಯಲ್ಲಿ ಸೀನಿಯರ್ ಕೊಟ್ಟ ರೆಕಾರ್ಡ್ ಬುಕ್ಕು. ರೀಡಿಂಗ್ ಬರೆದ್ವಿ, ಸೈನ್ ಹಾಕಿಸಿಕೊಂಡ್ವಿ, ಮರೆತ್ವಿ.

ಅದೇ ಕೊಳವೆ ನನಗೆ ಮತ್ತೆ ಸಿಕ್ಕಿದ್ದು ಪುಣೆಯ ಜೂನಾ ಬಜಾರಿನಲ್ಲಿ, ಒಂದು ಭಾನುವಾರ. ಗುಜರಿಯವನು ತಕ್ಕಡಿಗೆ ಹಾಕ್ತಾ ಇದ್ದ. "ಪಿತಳ್ ಆಹೇ ಸಾಹೇಬ್" ಅಂದ. ಕಿಲೋ ಲೆಕ್ಕದಲ್ಲಿ ಇಡೀ ಚೀಲ ತಗೊಂಡೆ. ಬಿಟ್ಟಿದ್ರೆ ಅದು ಕರಗಿ ಯಾರದೋ ಮನೆ ನಲ್ಲಿ ಆಗಿರ್ತಿತ್ತು.

ಮನೆಗೆ ಬಂದು ಮೊದಲು ಮಾಡಿದ್ದು ಅಳತೆ. ಹೊರಗೆ ಒಂದು ಇಂಚು, ಅರ್ಧ ಇಂಚು. ಒಳಗೆ 22.86 ಮಿ.ಮೀ., 10.16 ಮಿ.ಮೀ. ಅಂದ್ರೆ ಡಬ್ಲ್ಯೂಆರ್-90 ವೇವ್‌ಗೈಡ್. ಆ 90 ಅಂದ್ರೆ ಒಳಗಿನ ಅಗಲ 0.90 ಇಂಚು, ಅಷ್ಟೇ. ಕೊಳವೆ ಅಗಲದಲ್ಲಿ ಅರ್ಧ ತರಂಗ ಹಿಡಿಸಬೇಕು. ಹಿಡಿಸದಿದ್ರೆ ಅಲೆ ಮುಂದಕ್ಕೆ ಹೋಗಲ್ಲ. ಲೆಕ್ಕ ಹಾಕಿದ್ರೆ ಇದರ ಗಡಿ ಸುಮಾರು 6.56 ಗಿಗಾಹರ್ಟ್ಸ್. ನಿಮ್ಮ ಮನೆಯ 2.4 ಗಿಗಾಹರ್ಟ್ಸ್ ವೈಫೈ ಇದರೊಳಗೆ ಬಾಗಿಲಲ್ಲೇ ನಿಂತುಬಿಡುತ್ತೆ. ಬಳಸೋದು 8.2ರಿಂದ 12.4ರವರೆಗೆ, ಅಂದ್ರೆ ರೇಡಾರಿನ ಎಕ್ಸ್ ಬ್ಯಾಂಡ್.

ಚೀಲದಲ್ಲಿ ಒಂದು 2ಕೆ25 ಇತ್ತು. ಲೋಹದ ಕವಚದ ಹಳೇ ರೇಡಿಯೋ ವಾಲ್ವ್ ಥರ ಕಾಣುತ್ತೆ, ಆದ್ರೆ ಕೆಳಗಿನ ಪಿನ್‌ಗಳ ಜೊತೆ ಒಂದು ಸಣ್ಣ ಕೊಳವೆ ಚಾಚಿಕೊಂಡಿರುತ್ತೆ. ಪಕ್ಕದಲ್ಲಿ ಟ್ಯೂನಿಂಗ್ ಸ್ಕ್ರೂ. ಇದು ರಿಫ್ಲೆಕ್ಸ್ ಕ್ಲಿಸ್ಟ್ರಾನ್. ಕೆಲಸ ಹೇಗೆ? ಚೆಂಡು ಮೇಲಕ್ಕೆ ಎಸೀರಿ. ಜೋರಾಗಿ ಎಸೆದದ್ದು ಎತ್ತರ ಹೋಗಿ ತಡವಾಗಿ ಬರುತ್ತೆ, ಆಮೇಲೆ ಮೆಲ್ಲಗೆ ಎಸೆದದ್ದು ಬೇಗ ಬರುತ್ತೆ. ಸರಿಯಾಗಿ ಎಸೆದ್ರೆ ಎಲ್ಲಾ ಒಟ್ಟಿಗೆ ಕೈಗೆ ಬೀಳುತ್ತೆ. ಎಲೆಕ್ಟ್ರಾನುಗಳೂ ಹಾಗೇ: ರಿಪೆಲ್ಲರ್‌ನ ಋಣ ವೋಲ್ಟೇಜ್ ವಾಪಸ್ ತಳ್ಳುತ್ತೆ, ಅವು ಗುಂಪಾಗಿ ಕುಹರಕ್ಕೆ ಬಂದು ಶಕ್ತಿ ಕೊಡ್ತವೆ. ಲ್ಯಾಬಿನಲ್ಲಿ ನಾವು ಆ ನಾಬ್ ತಿರುಗಿಸಿ 'ಮೋಡ್' ಅಂತ ಬರೀತಿದ್ದದ್ದು ಇದನ್ನೇ! ಒಂದು ಎಚ್ಚರಿಕೆ: ಇದರ ಲೋಹದ ಮೈಗೇ ಸುಮಾರು 300 ವೋಲ್ಟ್ ಇರಬಹುದು, ಯಾವ ಕಡೆ ಅರ್ಥ್ ಮಾಡಿದ್ದಾರೆ ಅನ್ನೋದರ ಮೇಲೆ. ಮುಟ್ಟೋಕೆ ಹೋಗಬೇಡಿ.

ಕೊಳವೆಗೆ ಅಯಸ್ಕಾಂತ ಅಂಟಿಕೊಂಡು, ಮೇಲೆ ಬಾಣದ ಗುರುತಿದ್ರೆ ಐಸೊಲೇಟರ್. ಒಂದೇ ದಿಕ್ಕಿಗೆ ಬಿಡುತ್ತೆ, ಒಳಗೆ ಫೆರೈಟ್. ಮೂರು ಬಾಯಿ ಇದ್ರೆ ಸರ್ಕ್ಯುಲೇಟರ್. ಬಿಳಿ ಸೆರಾಮಿಕ್ ಭಾಗ ಯಾವುದನ್ನೂ ಒಡೀಬೇಡಿ, ಉಜ್ಜಬೇಡಿ. ಕೆಲವದರಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತೆ, ಅದರ ಧೂಳು ಶ್ವಾಸಕೋಶಕ್ಕೆ ವಿಷ.

ಈಗ ನನ್ನ ಪೆದ್ದತನ. ಸೀಸದ ಹಾಳೆಯಲ್ಲಿ ಸುತ್ತಿದ ಎರಡು 1ಎನ್23 ಡಯೋಡ್ ಇದ್ವು. ನೋಡೋಕೆ ದಪ್ಪ ಫ್ಯೂಸ್ ಥರ. ಒಳಗೆ ಸಿಲಿಕಾನ್ ಚೂರಿಗೆ ಕೂದಲಿನಂಥ ತಂತಿಯ ಮೊನೆ ತಾಗಿರುತ್ತೆ. ಸ್ಫಟಿಕದಿಂದ ಅಲೆ ಹಿಡಿಯೋ ಈ ಜಾತಿಯ ಸಾಧನಕ್ಕೆ ನಮ್ಮ ಜಗದೀಶಚಂದ್ರ ಬೋಸ್ ಅವರಿಗೆ 1904ರಲ್ಲೇ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಆ ಸೀಸದ ಹಾಳೆ ಯಾಕೆ ಅಂತ ಯೋಚಿಸದೇ ಬಿಚ್ಚಿದೆ, ಸಿಂಥೆಟಿಕ್ ಕಾರ್ಪೆಟ್ ಮೇಲೆ ನಡೆದುಕೊಂಡು ಹೋದೆ, ಮಲ್ಟಿಮೀಟರ್ ಹಚ್ಚಿದೆ. ಎರಡೂ ಕಡೆ ಒಂದೇ ರೀಡಿಂಗ್. ಸತ್ತಿದೆ. ಅಷ್ಟು ದಶಕ ಬದುಕಿದ್ದನ್ನ ನಾನು ಒಂದು ನಿಮಿಷದಲ್ಲಿ ಕೊಂದೆ. ಸ್ಟಾಟಿಕ್ ತಾಗದಿರಲಿ ಅಂತಲೇ ಆ ಹಾಳೆ ಸುತ್ತಿದ್ದು. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ, ನಗಬೇಡಿ.

ಎರಡನೇದನ್ನ ಮೀಟರಿಗೆ ತೋರಿಸಲೇ ಇಲ್ಲ. ಬರಿಗಾಲಲ್ಲಿ ನಿಂತು, ಮೊದಲು ಹೋಲ್ಡರಿನ ಲೋಹ ಮುಟ್ಟಿ, ಆಮೇಲೆ ಒಳಗೆ ಕೂರಿಸಿದೆ. ಆನ್‌ಲೈನಲ್ಲಿ ಸಿಗೋ ಎಚ್‌ಬಿ100 ಅನ್ನೋ ಮೋಷನ್ ಸೆನ್ಸರ್ ಇದೆಯಲ್ಲ, ಅದು 10.525 ಗಿಗಾಹರ್ಟ್ಸ್ ಬಿಡುತ್ತೆ. ಅದನ್ನ ಕೊಳವೆ ಬಾಯಿಗೆ ಹಿಡಿದೆ. ಮೈಕ್ರೋಆಂಪ್ ಮುಳ್ಳು ಎದ್ದಿತು. ಚೀಲದಲ್ಲೇ ಇದ್ದ ಫ್ರೀಕ್ವೆನ್ಸಿ ಮೀಟರ್, ಆ ಡಬ್ಬಿಯಂಥದ್ದು, ಅದರ ತಲೆ ನಿಧಾನವಾಗಿ ತಿರುಗಿಸಿದೆ. ಮುಳ್ಳು ಒಂದು ಕಡೆ ಥಟ್ಟನೆ ಕುಸಿದು ಮತ್ತೆ ಮೇಲೆ ಬಂತು. ಅಲ್ಲಿ ಗುರುತು ನೋಡಿದ್ರೆ ಹತ್ತೂವರೆಗೆ ಕೂದಲೆಳೆ ಮೇಲೆ.